ಜಾಲಿಕೊಪ್ಪದ ಗಂಡಸು

ಅಂಕಿಸಂಖ್ಯೆಯ ಜನರಿಗೂ ಒಂದೊಂದು ಶೋಕಿ ಇರುತ್ತದೆ. ಹಾನಗಲ್ಲಿನ ಭಾಗ್ಯಶ್ರೀಗೆ ಸೊನ್ನೆ ಹುಡುಕುವ ಶೋಕಿ. ಜನಗಣತಿಯ ಪಟ್ಟಿಯಲ್ಲಿ ಊರಿನ ಹೆಸರಿರಬೇಕು, ಹೆಸರಿನ ಮುಂದೆ ಮನೆ ಸೊನ್ನೆ, ಜನ ಸೊನ್ನೆ ಎಂದಿರಬೇಕು. ಅಂಥ ಸಾಲು ಕಂಡರೆ ಅವಳಿಗೆ ಹಬ್ಬ. ಕಂದಾಯ ಇಲಾಖೆಯವರು ಅಂಥ ಊರನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ದೀಪ ಹಚ್ಚುವವರಿಲ್ಲದ ಊರು ಎಂದು ಅರ್ಥ. ಪ್ಲೇಗು ಬಂದಾಗಲೋ, ದರೋಡೆಯ ಕಾಟಕ್ಕೋ ಜನ ಎದ್ದು ಪಕ್ಕದೂರು ಸೇರಿರುತ್ತಾರೆ. ಹೊಲ ಉಳಿದಿರುತ್ತವೆ, ಹನುಮಪ್ಪನ ಗುಡಿ ಉಳಿದಿರುತ್ತದೆ, ಸರಕಾರದ ಪಟ್ಟಿಯಲ್ಲಿ ಹೆಸರು ಉಳಿದಿರುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಇಂಥ ಊರುಗಳ ಮೇಲೆ ಅವಳ ಪಿಎಚ್.ಡಿ.

ಬೆಳಿಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ, ಮಧ್ಯಾಹ್ನದಿಂದ ಪೇಟೆಯ ತಮ್ಮ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ತಪಸ್ಸು. ಜನಗಣತಿಯ ಜಾಲತಾಣ ಪಟ್ಟಿಗಳನ್ನು ಕೊಡುತ್ತದೆ, ಕೊಡುವುದಿಲ್ಲ ಅನ್ನಬಾರದು. ಆದರೆ ಎರಡು ಸಾವಿರದ ಒಂದರಲ್ಲಿ ಊರಿಗೆ ಒಂದು ನಂಬರು, ಹನ್ನೊಂದರಲ್ಲಿ ಅದೇ ಊರಿಗೆ ಇನ್ನೊಂದು ನಂಬರು. ಊರ ಹೆಸರುಗಳು ಇಂಗ್ಲಿಷಿಗೆ ಹೋಗಿ ಹೆತ್ತ ತಾಯಿಗೂ ಗುರುತು ಸಿಗದ ಹಾಗೆ ಆಗಿರುತ್ತವೆ. ಎರಡು ಗಣತಿಯ ಊರುಗಳನ್ನು ಒಂದಕ್ಕೊಂದು ಜೋಡಿಸುವುದರಲ್ಲೇ ಅವಳಿಗೆ ಒಂದು ಮಳೆಗಾಲ ಕಳೆಯಿತು. ಮಾರ್ಗದರ್ಶಕರಾದ ಕರಿಬಸಪ್ಪ ಸರ್ ನಗುತ್ತಿದ್ದರು. "ಗಣತಿ ಅಂದ್ರ ತೆಂಗಿನಕಾಯಿ ಇದ್ದಂಗ, ತಂಗಿ. ಸಿಪ್ಪಿ ಸುಲಿಯೂದ್ರಾಗ ಅರ್ಧ ಆಯುಷ್ಯ ಹೋಗತೈತಿ. ಒಳಗ ನೀರ ಐತೋ ಇಲ್ಲೋ ಅನ್ನೂದು ಆಮ್ಯಾಲಿನ ಮಾತು."

ಆ ಸೊನ್ನೆಗಳ ನಡುವೆ ಅವಳಿಗೆ ಜಾಲಿಕೊಪ್ಪ ಸಿಕ್ಕಿತು. ಶಿಗ್ಗಾವಿ ತಾಲ್ಲೂಕು, ದುಂಡಸಿಯ ಕಡೆ. ಮೊದಲಿನ ಗಣತಿಯಲ್ಲಿ ಮನೆ ಒಂದು, ಜನ ಇಬ್ಬರು, ಇಬ್ಬರೂ ಹೆಂಗಸರು. ಹನ್ನೊಂದರ ಗಣತಿಯಲ್ಲಿ ಮನೆ ಒಂದು, ಜನ ಮೂವರು. ಗಂಡು ಸೊನ್ನೆ, ಹೆಣ್ಣು ಮೂರು. ಮೂವರಲ್ಲಿ ಒಬ್ಬಳು ಆರು ವರ್ಷದೊಳಗಿನ ಕೂಸು.

ಭಾಗ್ಯಶ್ರೀ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತನ್ನಷ್ಟಕ್ಕೆ ನಕ್ಕಳು. ಅಂಕಿಗಳು ಕತೆ ಹೇಳುತ್ತವೆ ಎಂದು ತರಗತಿಯಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದವಳಿಗೆ ಕೊನೆಗೊಂದು ಕತೆ ಸಿಕ್ಕಿತ್ತು. ದುಂಡಸಿಗೆ ಬಸ್ಸಿದೆ, ಅಲ್ಲಿಂದ ಹೊಲದ ಹಾದಿ, ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಪಟ್ಟಿಯೇ ಇಷ್ಟು ಚೆಂದ ಮಾತಾಡುವಾಗ ಊರಿಗೆ ಯಾಕೆ ಹೋಗಬೇಕು ಅನ್ನಿಸಿತು. ತನ್ನ ಪ್ರಬಂಧದಲ್ಲಿ ಅವಳು ಹೀಗೆ ಬರೆದಳು: "ಎರಡು ಗಣತಿಗಳ ನಡುವೆ ಜಾಲಿಕೊಪ್ಪದಲ್ಲಿ ಒಬ್ಬನೇ ಒಬ್ಬ ಗಂಡಸು ವಾಸವಿದ್ದ ದಾಖಲೆ ಇಲ್ಲ. ಆದರೂ ಅಲ್ಲೊಂದು ಕೂಸು ಹುಟ್ಟಿದೆ."

ಬರೆದ ಮೇಲೆ ಎರಡು ಸಲ ಓದಿ ಖುಷಿಪಟ್ಟಳು. ಬರೆಯುವವರ ಜಾತಿಯೇ ಅಷ್ಟು, ತಮ್ಮ ಮಾತಿಗೆ ತಾವೇ ಮೊದಲು ಮರುಳಾಗುತ್ತಾರೆ.

ಚಳಿಗಾಲದ ವಿಚಾರ ಸಂಕಿರಣದಲ್ಲಿ ಅವಳು ಆ ವಾಕ್ಯವನ್ನು ಓದಿ ಸ್ವಲ್ಪ ನಿಲ್ಲಿಸಿದಳು. ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸವಣೂರಿನ ಇತಿಹಾಸದ ಉಪನ್ಯಾಸಕರು ಶಿವಯೋಗಿ ಎಲ್ಲರಿಗಿಂತ ಜೋರಾಗಿ ನಕ್ಕರು. ಊಟದ ಹೊತ್ತಿಗೆ ಹುಡುಕಿಕೊಂಡು ಬಂದು, "ಭಾಳ ಛಲೋ ಬರದೀರಿ ಮೇಡಮ್ಮಾರ. ಊರ ಹೆಸರು ಏನಂದ್ರಿ? ಜಾಲಿಕೊಪ್ಪ?" ಎಂದು ಮತ್ತೊಮ್ಮೆ ಕೇಳಿಕೊಂಡರು. ಕೇಳಿಕೊಂಡಾಗ ಅವರ ಮುಖದ ನಗೆ ಅರ್ಧಕ್ಕೆ ನಿಂತದ್ದನ್ನು ಅವಳು ನೋಡಿದಳು, ನೋಡಿಯೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವಾರ ಜಿಲ್ಲೆಯ ಒಂದು ವಾರಪತ್ರಿಕೆ ಆ ಭಾಗವನ್ನು ಚೌಕಟ್ಟು ಕಟ್ಟಿ ಅಚ್ಚು ಹಾಕಿತು. ಅವಳ ಫೋಟೋ ಕೂಡ ಬಂದಿತ್ತು. ಅವ್ವ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದಳು.

ಶಿವರಾತ್ರಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಇಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ವಿದ್ಯಾರ್ಥಿನಿ ಇರಬೇಕೆಂದು ಭಾಗ್ಯಶ್ರೀ ಒಳಗೆ ಕರೆದಳು.

"ಭಾಗ್ಯಶ್ರೀ ಮೇಡಮ್ಮಾರು ನೀವೇನ್ರಿ?"

"ಹೌದವಾ, ಕುಂದ್ರು."

ಹುಡುಗಿ ಕೂರಲಿಲ್ಲ. ಚೀಲದಿಂದ ವಾರಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲಿಟ್ಟು, ಬೆರಳನ್ನು ಆ ವಾಕ್ಯದ ಕೆಳಗಿಟ್ಟಳು. "ಈ ಕೂಸು ನಾನರಿ. ತನುಜಾ ಅಂತ ನನ್ನ ಹೆಸರು."

ಭಾಗ್ಯಶ್ರೀಗೆ ಮೊದಲು ಅರ್ಥವೇ ಆಗಲಿಲ್ಲ. ಪಟ್ಟಿಯ ಸಾಲಿನೊಳಗಿಂದ ಒಬ್ಬರು ಎದ್ದು ಬಂದು ಎದುರಿಗೆ ನಿಲ್ಲಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅರ್ಥವಾದಾಗ ತುಣುಕನ್ನು ಮಡಚಿ ಹುಡುಗಿಯ ಕೈಗೆ ಕೊಟ್ಟಳು. ಪಕ್ಕದ ಕುರ್ಚಿಯವರು ಕಿವಿ ನಿಮಿರಿಸಿದ್ದನ್ನು ಕಂಡು ಅವಳು ತನುಜಾಳನ್ನು ಕಾಲೇಜಿನ ಹಿಂದಿನ ಬೇವಿನ ಮರದ ಕಟ್ಟೆಗೆ ಕರೆದುಕೊಂಡು ಹೋದಳು.

ಅಲ್ಲಿ ತನುಜಾ ಎಲ್ಲವನ್ನೂ ಹೇಳಿದಳು. ಅವಳು ಶಿಗ್ಗಾವಿಯಲ್ಲಿ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸವಣೂರಿನ ರುದ್ರೇಶನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ ಕರೆಂಟಿನ ಲೈನ್‌ಮನ್. ಎಲೆಅಡಿಕೆ ಬದಲಾಯಿಸಿ, ಯುಗಾದಿಯ ನಂತರದ ಮುಹೂರ್ತವೂ ಗೊತ್ತಾಗಿತ್ತು. ಶಿವಯೋಗಿ ಸರ್ ಆ ಹುಡುಗನ ಕಾಕಾ.

"ನಮ್ಮಪ್ಪ ನಾ ಎರಡನೇತ್ತೆ ಸಾಲ್ಯಾಗ ಇದ್ದಾಗ ಹಾವು ಕಚ್ಚಿ ತೀರಿಕೊಂಡಾರಂತ ಹೇಳಿದ್ವಿ. ಈಗ ಅವರು, ಗಣತ್ಯಾಗ ನಿಮ್ಮೂರಾಗ ಗಂಡಸ ಇರಲಿಲ್ಲಂತ ಐತಿ, ಹಂಗಾರ ನಿಮ್ಮಪ್ಪ ಯಾರವಾ ಅಂತ ಕೇಳಾಕತ್ತಾರ." ತನುಜಾ ಅಳಲಿಲ್ಲ. ಅತ್ತು ಮುಗಿಸಿ ಬಂದ ಮುಖ ಅದು. "ನಮ್ಮಪ್ಪ ಇದ್ದರ್ರಿ ಮೇಡಮ್. ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ದುಂಡಸಿ ಸಾಲಿಗೆ ಬಿಡತಿದ್ರು. ಅವರು ಇದ್ರು ಅಂತ ನೀವು ಬರಕೊಡಬೇಕು. ಇರಲಿಲ್ಲಂತ ಬರದವರು ನೀವ ಅಲ್ಲೇನ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕವಳಿದ್ದಾಗಿನಿಂದ ಕೇಳಿದ ಗಾದೆ ಆ ದಿನ ಭಾಗ್ಯಶ್ರೀಯ ಎದೆಗೆ ಬಂದು ಬಡಿಯಿತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಒಂದೇ ಮನೆ ಇರುವ ಊರಿನ ಬಗ್ಗೆ ಬರೆದದ್ದು ಊರಿನ ಬಗ್ಗೆ ಬರೆದದ್ದಾಗುವುದಿಲ್ಲ, ಆ ಮನೆಯವರ ಬಗ್ಗೆಯೇ ಬರೆದದ್ದಾಗುತ್ತದೆ. ಇಷ್ಟು ಸಣ್ಣ ಮಾತು ಅಷ್ಟು ದಿನ ತಲೆಗೆ ಹೊಳೆದಿರಲಿಲ್ಲ.

ಮರುದಿನವೇ ಅವಳು ತನುಜಾಳ ಜೊತೆ ಜಾಲಿಕೊಪ್ಪಕ್ಕೆ ಹೋದಳು. ದುಂಡಸಿಯಲ್ಲಿ ಬಸ್ಸಿಳಿದು, ಗೋವಿನಜೋಳದ ದಂಟು ಬಿದ್ದಿದ್ದ ಹೊಲಗಳ ಬದುವಿನ ಮೇಲೆ ನಡೆದರೆ ಜಾಲಿ ಕಂಟಿಗಳ ನಡುವೆ ಮಣ್ಣಿನ ದಿಬ್ಬಗಳು. ಹಿಂದೊಮ್ಮೆ ಮನೆಗಳಾಗಿದ್ದವು. ಕೊನೆಗೆ ಸಣ್ಣ ಹನುಮಪ್ಪನ ಗುಡಿ, ಅದರ ಬೆನ್ನಿಗೆ ಹಂಚಿನ ಒಂದು ಮನೆ. ಊರು ಹಾಳಾದರೂ ಗುಡಿಯ ದೀಪ ಆರಬಾರದೆಂದು ಜಾಲಿಕೊಪ್ಪದಲ್ಲಿ ಹೊಲಗಳಿದ್ದ ದುಂಡಸಿಯವರು ತಲೆಮಾರುಗಳ ಹಿಂದೆ ಒಂದು ಮನೆತನವನ್ನು ಅಲ್ಲೇ ಉಳಿಸಿದ್ದರು. ಸುಗ್ಗಿಯಲ್ಲಿ ಪ್ರತಿ ಹೊಲದವರೂ ಅವರಿಗೆ ಕಾಳು ಅಳೆಯುತ್ತಾರೆ. ಆ ಮನೆತನದಲ್ಲಿ ಈಗ ಉಳಿದವಳು ತನುಜಾಳ ತಾಯಿ ಮಂಜವ್ವ. ಅಜ್ಜಿ ಹಾಲವ್ವ ಕೊರೊನಾದಲ್ಲಿ ತೀರಿಹೋಗಿದ್ದಳು.

ಮಂಜವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಂದವಳು ಯಾರೆಂದು ಮಗಳು ಹೇಳಿದ ಮೇಲೂ ಬಯ್ಯಲಿಲ್ಲ. "ಕುಂದರ್ರಿ" ಎಂದು ಚಾಪೆ ಹಾಸಿ, ತಂಬಿಗೆ ನೀರು ಕೊಟ್ಟಳು. ಬೈದಿದ್ದರೆ ಭಾಗ್ಯಶ್ರೀಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಅಕ್ಕಾರ, ಗಣತಿಯವರು ಬಂದಾಗ ನಿಮ್ಮ ಮನಿಯವರು ಇರಲಿಲ್ಲೇನ್ರಿ?" ಎಂದು ಅವಳು ಕೇಳಿದಳು.

"ಇದ್ರಲ್ರಿ. ಆ ದಿನ ಮನ್ಯಾಗ ಇರಲಿಲ್ಲ ಅಷ್ಟ. ಸಾವಕಾರ್ರ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗಿದ್ರು. ನಮ್ಮವ್ವ ಹೊಲದಾಗ. ಈ ಹುಡುಗಿಗೆ ಜ್ವರ ಬಂದಿದ್ವು, ನಾನೊಬ್ಬಾಕಿ ಮನ್ಯಾಗ." ಮಂಜವ್ವನ ಕೈ ನಿಲ್ಲದೆ ತೊಟ್ಟು ಬಿಡಿಸುತ್ತಲೇ ಇತ್ತು. "ಒಬ್ಬರು ಮಾಸ್ತರ್ರು ಬಂದ್ರು. ಘಟ್ಟದ ಕೆಳಗಿನವರಂತ, ಮಾತು ಬ್ಯಾರೆ ಇತ್ತು. ನಮ್ಮವ್ವನ ಹೆಸರು ಹೇಳಿದ್ನಿ, ನಂದು ಹೇಳಿದ್ನಿ, ಕೂಸಿಂದು ಹೇಳಿದ್ನಿ. ಗಂಡನ ಹೆಸರೇನಂದ್ರು. ಅದನ್ನ ಹೆಂಗ ಹೇಳೂದ್ರಿ?"

ಭಾಗ್ಯಶ್ರೀಗೆ ತನ್ನ ಮನೆ ನೆನಪಾಯಿತು. ತನ್ನ ಅವ್ವ ಕೂಡ ಅಪ್ಪನ ಹೆಸರು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಮದುವೆಯಲ್ಲಿ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುವುದು ಬಿಟ್ಟರೆ ಗಂಡನ ಹೆಸರು ಹೆಂಡತಿಯ ಬಾಯಿಗೆ ಬರುವಂತಿಲ್ಲ, ಬಂದರೆ ಅವನ ಆಯುಷ್ಯ ಸವೆಯುತ್ತದೆ. ರೇಷನ್ ಕಾರ್ಡಿನವರು ಬಂದರೂ, ಓಟಿನ ಪಟ್ಟಿಯವರು ಬಂದರೂ ಅಂಗಡಿಯ ಕಟ್ಟೆಯಿಂದ ಅವ್ವ ಪಕ್ಕದ ಮನೆಯವಳನ್ನು ಕೂಗುತ್ತಿದ್ದಳು: "ಏ ನೂರಜಹಾನಬೀ, ಇವರ ಹೆಸರು ಹೇಳ ಬಾರೇ." ನೂರಜಹಾನಬೀ ಬಂದು ನಗುತ್ತ ಹೇಳಿ ಹೋಗುತ್ತಿದ್ದಳು. ಎಲ್ಲ ಊರಲ್ಲೂ ನಡೆಯುವುದು ಹೀಗೇ. ಹೆಂಡತಿ ನಾಚುತ್ತಾಳೆ, ನೆರೆಯವಳು ಹೇಳುತ್ತಾಳೆ, ಬರೆದುಕೊಳ್ಳುವವನು ಬರೆದುಕೊಳ್ಳುತ್ತಾನೆ.

ಜಾಲಿಕೊಪ್ಪದಲ್ಲಿ ನೆರೆಯವಳು ಇರಲಿಲ್ಲ.

"ಆ ಮಾಸ್ತರ್ರು ತಾವ ಎರಡು ಮೂರು ಹೆಸರು ಹಚ್ಚಿದ್ರು," ಅಂದಳು ಮಂಜವ್ವ. ಅವಳ ತುಟಿಯ ಅಂಚಿನಲ್ಲಿ ಹಳೆಯ ನಗೆಯೊಂದು ಬಂದು ಹೋಯಿತು. "ಬಸಪ್ಪೇನು? ಹನುಮಂತಪ್ಪೇನು? ನಾ ಅಲ್ಲ ಅಲ್ಲ ಅಂತ ಗೋಣ ಅಳ್ಳಾಡಿಸಿದ್ನಿ. ನಗು ಬರಾಕತ್ತಿತ್ತು ನನಗ. ಬಿಸಲಾಗ ಬಂದ ಮನಷ್ಯಾ, ಬ್ಯಾಸತ್ತು, ಇರ್ಲಿ, ನಿಮ್ಮವ್ವ ಬಂದ ಮ್ಯಾಲ ಬಂದು ಬರಕೋತೇನಿ ಅಂದು ಅದೊಂದು ಸಾಲು ಖಾಲಿ ಬಿಟ್ಟು ಹ್ವಾದ್ರು. ತಿರುಗಿ ಬರಲಿಲ್ಲ."

ಖಾಲಿ ಬಿಟ್ಟ ಸಾಲು ಮೇಲಿನ ಕಚೇರಿಗೆ ಹೋಗಿ ಸೊನ್ನೆಯಾಯಿತು. ಸೊನ್ನೆ ಪಟ್ಟಿಗೆ ಹೋಯಿತು, ಪಟ್ಟಿ ಭಾಗ್ಯಶ್ರೀಯ ಕೈಗೆ ಬಂತು, ಅವಳು ಅದಕ್ಕೆ ಒಂದು ಜೋಕು ಕಟ್ಟಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಸತ್ತ ಮನುಷ್ಯ ಇದ್ದನೆಂದು ತೋರಿಸಲು ಬೇರೇನಾದರೂ ಇದೆಯೇ ಎಂದು ಅವಳು ಕೇಳಿದಳು. ಹೆಚ್ಚೇನೂ ಇರಲಿಲ್ಲ. ಅವನು ಹಂಸಭಾವಿ ಕಡೆಯವನು, ಮನೆ ಅಳಿಯನಾಗಿ ಬಂದವನು. ಮದುವೆ ಇದೇ ಗುಡಿಯಲ್ಲಿ, ಫೋಟೋ ತೆಗೆಸಿರಲಿಲ್ಲ. ರೇಷನ್ ಕಾರ್ಡು, ಓಟಿನ ಚೀಟಿ ಅಣ್ಣಂದಿರ ಮನೆಯಲ್ಲೇ ಉಳಿದಿದ್ದವು. ಆ ಅಣ್ಣಂದಿರು ಈಗ ತಮ್ಮನಿಗೆ ಮದುವೆಯೇ ಆಗಿರಲಿಲ್ಲ ಅನ್ನುತ್ತಾರೆ. ಆಗಿತ್ತು ಅಂದರೆ ಹೊಲದಲ್ಲಿ ಪಾಲು ಕೊಡಬೇಕಲ್ಲ. ಹಾವು ಕಚ್ಚಿದಾಗ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿದ್ದರಿಂದ ಅಲ್ಲಿಯೂ ಚೀಟಿ ಇಲ್ಲ. ಶಾಲೆಯ ದಾಖಲೆಯಲ್ಲಿ ಮಾತ್ರ ತಂದೆಯ ಹೆಸರಿತ್ತು: ಮೈಲಾರಲಿಂಗ. ಆ ಕಾಗದ ತೋರಿಸಿದವಳು ತನುಜಾ. ಓದಿದವಳು ಭಾಗ್ಯಶ್ರೀ. ಮಂಜವ್ವ ಆಗ ಮುಖ ಬೇರೆ ಕಡೆ ತಿರುಗಿಸಿದ್ದಳು.

"ಈಗರೆ ಹೇಳಬಹುದಲ್ರಿ ಅಕ್ಕಾರ? ಅವರು ಹೋಗಿ ಇಷ್ಟು ವರ್ಷಾತು."

"ಅವರಿದ್ದಾಗ ಅವರ ಆಯುಷ್ಯಕ್ಕಂತ ಹೇಳಲಿಲ್ಲ. ಈಗ ನಾಲಗಿಗೆ ರೂಢಿ ಇಲ್ರಿ," ಅಂದಳು ಮಂಜವ್ವ. ಗುಡ್ಡದ ಮೈಲಾರ ದೇವರಿಗೂ ಅವಳು ಭಂಡಾರದ ದೇವರು ಅನ್ನುತ್ತಿದ್ದಳೇ ಹೊರತು ಹೆಸರು ಹಿಡಿಯುತ್ತಿರಲಿಲ್ಲ.

ಭಾಗ್ಯಶ್ರೀ ವಾಪಸು ಬಂದವಳೇ ಕರಿಬಸಪ್ಪ ಸರ್ ಮನೆಗೆ ಹೋದಳು. ಹನ್ನೊಂದರ ಪಟ್ಟಿ ತಪ್ಪು, ಸಂಕಿರಣದ ಪುಸ್ತಕದಲ್ಲಿ ತಿದ್ದುಪಡಿ ಹಾಕಬೇಕು ಅಂದಳು. ಸರ್ ಪಾಪದ ಮನುಷ್ಯ, ಪೂರ್ತಿ ಕೇಳಿದರು, ನಿಟ್ಟುಸಿರೂ ಬಿಟ್ಟರು.

"ಖರೇ ಇರಬಹುದು, ತಂಗಿ. ಆದ್ರ ಒಂದು ಟೇಬಲ್ ತಪ್ಪು ಅನ್ನಬೇಕಂದ್ರ ಇನ್ನೊಂದು ಟೇಬಲ್ ಬೇಕು. ಒಬ್ಬಾಕಿ ಹೆಣ್ಣುಮಗಳ ಮಾತು ಹಿಡಕೊಂಡು ಸರಕಾರದ ಗಣತಿ ಸುಳ್ಳಂತ ಬರದ್ರ ನಿನ್ನ ಥೀಸಿಸ್ಸ ಬೀಳತೈತಿ. ಆ ವಾಕ್ಯ ತಗದುಬಿಡು. ಸುಮ್ಮನಾಗು."

ಅವಳು ಥೀಸಿಸ್ಸಿನಿಂದ ವಾಕ್ಯ ತೆಗೆದಳು. ತೆಗೆದರೇನು, ವಾಕ್ಯ ಅದಾಗಲೇ ಸವಣೂರಿನಲ್ಲಿತ್ತು. ವಾರಪತ್ರಿಕೆಗೆ ಒಂದು ಸ್ಪಷ್ಟನೆ ಬರೆದು ಕಳಿಸಿದಳು. ಅವರು ಅದನ್ನು ಹೊಲಿಗೆ ಯಂತ್ರದ ಜಾಹೀರಾತಿನ ಕೆಳಗೆ ಹಾಕಿ, "ಜಾಲಿಕೊಪ್ಪದಲ್ಲಿ ಗಂಡಸು ಇದ್ದನಂತೆ!" ಎಂದು ತಲೆಬರಹ ಕೊಟ್ಟರು. ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಈಗ ಗೊತ್ತಾಯಿತು. ಶಿಗ್ಗಾವಿಯ ಹೊಲಿಗೆ ಅಂಗಡಿಯಲ್ಲಿ ಜೊತೆಯವರು ತನುಜಾ ಒಳಗೆ ಬಂದ ಕೂಡಲೇ ಮಾತು ನಿಲ್ಲಿಸತೊಡಗಿದರು.

ಉಳಿದದ್ದು ಸವಣೂರಿಗೆ ಹೋಗಿ ಕೈಮುಗಿಯುವುದು. ಒಂದು ಭಾನುವಾರ ತಾಯಿ, ಮಗಳು, ಭಾಗ್ಯಶ್ರೀ ಮೂವರೂ ಹೋದರು. ಶಿವಯೋಗಿ ಸರ್ ಮನೆಯ ಪಡಸಾಲೆಯಲ್ಲಿ ಅವರನ್ನು ಕೂರಿಸಿದರು, ಒಳಗಿನಿಂದ ಚಹಾ ಬಂತು. ರುದ್ರೇಶ ಒಳಬಾಗಿಲ ಪರದೆಯ ಹಿಂದೆ ನಿಂತಿದ್ದ. ಪರದೆಯ ಕೆಳಗೆ ಅವನ ಪಾದಗಳು ಕಾಣುತ್ತಿದ್ದವು. ತನುಜಾ ಆ ಪಾದಗಳನ್ನೇ ನೋಡುತ್ತ ಕೂತಳು.

ಭಾಗ್ಯಶ್ರೀ ನಡೆದದ್ದನ್ನೆಲ್ಲ ಹೇಳಿದಳು. ಮಾಸ್ತರು ಬಂದದ್ದು, ಖಾಲಿ ಬಿಟ್ಟ ಸಾಲು, ತಾನು ಊರು ನೋಡದೆ ಬರೆದ ತಪ್ಪು. "ತಪ್ಪು ನಂದರಿ ಸರ್. ಶಿಕ್ಷೆ ಈ ಹುಡುಗಿಗೆ ಬ್ಯಾಡ."

"ನೋಡ್ರಿ ಮೇಡಮ್ಮಾರ," ಅಂದರು ಶಿವಯೋಗಿ. ದನಿ ಎತ್ತಲಿಲ್ಲ. "ಅಂದು ನೂರಾರು ಮಂದಿ ಮುಂದ ಓದಿದಾಕಿ ನೀವ. ಇಂದು ಅದು ಸುಳ್ಳಂತ ಅನ್ನಾಕಿನೂ ನೀವ. ನಾವು ಯಾವ ಮಾತು ಹಿಡೀಬೇಕು? ಸಾಲಿಯಾಗ ಯಾರ ಹೆಸರರೆ ಬರಸಬಹುದು. ದುಂಡಸ್ಯಾಗ ಕೇಳಿದ್ರ ಗಂಡ ಅಂತಾರ ಒಬ್ಬರು, ಆಳಮನಷ್ಯಾ ಅಂತಾರ ಇನ್ನೊಬ್ಬರು. ಸರಕಾರದ ಗಣತಿಗೆ ನಮ್ಮ ಮ್ಯಾಲ ಏನು ಸಿಟ್ಟು ಇತ್ತೇನ್ರಿ, ಸುಳ್ಳು ಬರಿಯಾಕ?" ಆಮೇಲೆ ಅವರು ಮಂಜವ್ವನ ಕಡೆ ತಿರುಗಿದರು. "ಹೋಗ್ಲಿ, ನೀನ ಹೇಳವಾ. ಗಂಡ ಇದ್ದಿದ್ರ ಅವಂಗೊಂದು ಹೆಸರಿರಬೇಕಲ್ಲ. ನಮ್ಮೆಲ್ಲಾರ ಮುಂದ ಹೆಸರು ಹಿಡದು ಹೇಳು."

ಮಂಜವ್ವ ಎದ್ದು ನಿಂತಳು. ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು. ತುಟಿ ಅಲುಗಿದವು. ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಭಾಗ್ಯಶ್ರೀ ಅವಳ ಮುಖವನ್ನೇ ನೋಡಿದಳು. ಮಂಜವ್ವನ ಬಾಯಿಂದ ಗಾಳಿ ಬಂತು, ಶಬ್ದ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವಳು ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು.

"ಮೈಲಾರಲಿಂಗ!" ತನುಜಾ ಕೂಗಿದಳು. "ನಮ್ಮಪ್ಪನ ಹೆಸರು ಮೈಲಾರಲಿಂಗ!"

"ನೀ ಅಲ್ಲವಾ, ಕಲಿಸಿದ್ದನ್ನ ಹೇಳತಿ. ಆಕಿ ಹೇಳಬೇಕು."

ಭಾಗ್ಯಶ್ರೀಗೆ ಸಿಟ್ಟು ನೆತ್ತಿಗೇರಿತು. "ಸರ್, ನಿಮ್ಮ ಮನಿಯಾಕಿನ್ನ ಕರೀರಿ. ಆಕಿ ನಿಮ್ಮ ಹೆಸರು ಹೇಳತಾಳೇನು ಕೇಳೂಣು."

ಶಿವಯೋಗಿ ಚಹಾದ ಕಪ್ಪನ್ನು ಬಸಿಯ ಮೇಲೆ ಮೆತ್ತಗೆ ಇಟ್ಟರು. "ಆಕಿ ಹೇಳೂ ಗರಜ ಇಲ್ರಿ. ನನ್ನ ಹೆಸರು ಗಣತ್ಯಾಗ ಐತಿ."

 ಪರದೆಯ ಕೆಳಗಿನ ಪಾದಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು, ಆಮೇಲೆ ಒಳಕ್ಕೆ ಸರಿದವು. ತನುಜಾ ಚಹಾ ಮುಟ್ಟದೆ ಎದ್ದಳು.  ಶಿಗ್ಗಾವಿಯ ಬಸ್ಸು ಹತ್ತುವಾಗ ತನುಜಾ ಒಂದೇ ಒಂದು ಮಾತು ಅಂದಳು, ಅದೂ ತಾಯಿಗೆ. "ಒಂದ ಸಲ ಹೇಳಿದ್ರ ಏನಾಗತಿತ್ತಬೇ ಯವ್ವಾ?"

ಮದುವೆ ಮುರಿಯಿತು. ಯುಗಾದಿಯ ನಂತರದ ಅದೇ ಮುಹೂರ್ತಕ್ಕೆ ರುದ್ರೇಶನಿಗೆ ಬೇರೆ ಹುಡುಗಿಯನ್ನು ತಂದರೆಂದು ಸುದ್ದಿ ಬಂತು. ತನುಜಾ ಹೊಲಿಗೆ ಅಂಗಡಿ ಬಿಟ್ಟು ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಹಾಸ್ಟೆಲಿನಲ್ಲಿ ಉಳಿದಳು. ಭಾಗ್ಯಶ್ರೀ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ತಾಯಿ ಫೋನು ಮಾಡಿದರೆ ಎತ್ತುತ್ತಿದ್ದಳು, ಊಟ ಆಯ್ತು ಅನ್ನುತ್ತಿದ್ದಳು, ಇಡುತ್ತಿದ್ದಳು.

ಬೇಸಿಗೆಯಲ್ಲಿ ಹೊಸ ಗಣತಿಯ ಮನೆಪಟ್ಟಿ ಕೆಲಸ ಶುರುವಾಯಿತು. ಕೊರೊನಾ ಬಂದಾಗ ಮುಂದಕ್ಕೆ ಹೋಗಿದ್ದ ಗಣತಿ, ಹೋಗಿ ಹೋಗಿ ಹನ್ನೊಂದರ ನಂತರ ಹದಿನೈದು ವರ್ಷಕ್ಕೆ ಬಂದಿತ್ತು. ಸಂಶೋಧಕರೆಲ್ಲ ಮಳೆ ಕಾದ ಹಾಗೆ ಕಾದಿದ್ದರು, ಭಾಗ್ಯಶ್ರೀಯೂ ಕಾದಿದ್ದಳು. ಈಗ ಯಾರಾದರೂ ಅದರ ಹೆಸರೆತ್ತಿದರೆ ಅವಳು ಎದ್ದು ಹೋಗುತ್ತಿದ್ದಳು. ಆದರೂ ದುಂಡಸಿಯ ಶಾಲೆಯ ಜಯಾ ಟೀಚರಿಗೆ ಆ ಭಾಗದ ಕೆಲಸ ಬಿದ್ದಿದೆಯೆಂದು ತಿಳಿದಾಗ, ಅವರು ಜಾಲಿಕೊಪ್ಪಕ್ಕೆ ಹೋಗುವ ದಿನ ತಾನೂ ಹೋದಳು. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈ ಸಲವಾದರೂ ಆ ಮನೆಯ ಪಕ್ಕ ಒಬ್ಬ ನೆರೆಯವಳು ಇರಲಿ ಅನ್ನಿಸಿತ್ತು.

ಜಯಾ ಟೀಚರು ಒಳ್ಳೆಯವರು. ಬಿಸಿಲಿಗೆ ಮುಖ ಕೆಂಪಾಗಿದ್ದರೂ ಅವಸರ ಮಾಡಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು ಮೊಬೈಲು ತೆಗೆದರು. ಈಗ ಕಾಗದ ಇಲ್ಲ, ಎಲ್ಲ ಮೊಬೈಲಿನಲ್ಲೇ. ಗೋಡೆ ಯಾವುದರದು, ಮೇಲೆ ಹಂಚೋ ತಗಡೋ, ನೀರು ಎಲ್ಲಿಂದ ಎಂದು ಒಂದೊಂದಾಗಿ ಕೇಳಿ ಒತ್ತಿಕೊಂಡರು. ಮಂಜವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಉತ್ತರ ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ಅವಳು ಅರ್ಧ ಆಗಿದ್ದಳು.

"ಮನಿ ಯಜಮಾನರ ಹೆಸರು ಏನ್ರಿ ಅವ್ವಾರ?" ಎಂದು ಕೇಳಿದರು ಟೀಚರು.

ಭಾಗ್ಯಶ್ರೀ ಬಾಯಿ ತೆರೆದಳು, ನೆರೆಯವಳಾಗಿ ಹೇಳಿಬಿಡಬೇಕೆಂದು. ಮಂಜವ್ವ ಕೈಯೆತ್ತಿ ಅವಳನ್ನು ತಡೆದಳು.

"ಮೈಲಾರಲಿಂಗ," ಅಂದಳು.

ಮೊದಲ ಸಲ ದನಿ ಒಡೆದಿತ್ತು. ಅವಳು ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. "ಮೈಲಾರಲಿಂಗ. ನನ್ನ ಗಂಡ. ಮೈಲಾರಲಿಂಗ ಅಂತ ಬರಕೊಳ್ರಿ." ಮೂರನೆಯ ಸಲ ಹೇಳಿದಾಗ ಅದು ಕೂಗೇ ಆಗಿತ್ತು. ಗುಡಿಯ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಮದುವೆಯ ದಿನ ಒಡಪಿನಲ್ಲಿ ಹೇಳಿದ್ದೇ ಕೊನೆ, ಆಮೇಲೆ ಆ ಹೆಸರು ಅವಳ ಬಾಯಿಗೆ ಬಂದದ್ದು ಈಗ. ಕೇಳಬೇಕಾದ ಮಗಳು ಹುಬ್ಬಳ್ಳಿಯಲ್ಲಿದ್ದಳು.

ಜಯಾ ಟೀಚರು ಹೆಸರನ್ನು ನಿಧಾನಕ್ಕೆ ಒಂದೊಂದೇ ಅಕ್ಷರ ಒತ್ತಿ ಬರೆದರು. "ಅವರದು ಫೋನ್ ನಂಬರ್ ಐತೇನ್ರಿ? ಈಗ ಎಲ್ಲಿ ಹೋಗ್ಯಾರ?"

"ಅವರಿಲ್ರಿ. ತೀರಿಕೊಂಡು ಹದಿಮೂರು ವರ್ಷಾತು."

ಟೀಚರ ಬೆರಳು ನಿಂತಿತು. ಅವರು ಭಾಗ್ಯಶ್ರೀಯ ಮುಖ ನೋಡಿದರು, ಆಮೇಲೆ ಮಂಜವ್ವನದು. "ತೀರಿಕೊಂಡವರನ್ನ ಬರಕೊಳ್ಳಾಕ ಬರಂಗಿಲ್ರಿ ಅವ್ವಾರ. ಇದ್ದವರನ್ನ ಅಷ್ಟ ಬರೀಬೇಕು."

"ಆಗ ಇದ್ರಲ್ರಿ. ಆಗ ಬರಕೊಳ್ಳಲಿಲ್ಲ."

 ಟೀಚರು ತಲೆ ತಗ್ಗಿಸಿ, ಬರೆದ ಹೆಸರನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸತೊಡಗಿದರು. ಭಾಗ್ಯಶ್ರೀ ಪಕ್ಕದಲ್ಲೇ ನಿಂತು ನೋಡಿದಳು. ಲಿಂಗ ಅಳಿಯಿತು, ಮೈಲಾರ ಅಳಿಯಿತು ಎಂದು ಮನಸ್ಸು ಹುಚ್ಚುಹುಚ್ಚಾಗಿ ಎಣಿಸುತ್ತಿತ್ತು. ಕೊನೆಗೆ ಚೌಕದಲ್ಲಿ ಏನೂ ಉಳಿಯಲಿಲ್ಲ. ಟೀಚರು ಅಲ್ಲಿ ಮಂಜವ್ವ ಎಂದು ಬರೆದರು.

"ಮನ್ಯಾಗ ಒಟ್ಟು ಎಷ್ಟು ಮಂದಿ ಇರತೀರಿ?"

"ಮಗಳು ಹುಬ್ಬಳ್ಳ್ಯಾಗ ಇರತಾಳ. ಇಲ್ಲಿ ನಾನೊಬ್ಬಾಕೀನ," ಅಂದಳು ಮಂಜವ್ವ. ದೀಪಕ್ಕೆ ಎಣ್ಣೆ ಹಾಕುವ ಹೊತ್ತಾಯಿತೆಂದು ಗುಡಿಯೊಳಗೆ ಹೋದಳು.

ಪಟ್ಟಿ ಬಂದಾಗ ಸಾಲು ಹೇಗಿರುತ್ತದೆಂದು ಭಾಗ್ಯಶ್ರೀಗೆ ಈಗಲೇ ಕಾಣುತ್ತಿತ್ತು. ಜಾಲಿಕೊಪ್ಪ. ಮನೆ ಒಂದು, ಜನ ಒಬ್ಬರು, ಹೆಣ್ಣು ಒಂದು. ಗಂಡು ಸೊನ್ನೆ. ಈ ಸಲದ ಲೆಕ್ಕ ಮಾತ್ರ ಸರಿಯಾಗಿತ್ತು.